ಮಹಾನಗರ ಸಾರಿಗೆ ಸಂಸ್ಥೆಯ ಮುಖ್ಯಾಧಿಕಾರಿ: ದೆಹಲಿಯ ನಿದರ್ಶನ

ನಗರ ಸಾರಿಗೆ ಸಂಸ್ಥೆಗಳಿಗೆ ವ್ಯವಸ್ಥಾಪಕ ನಿರ್ದೇಶಕರಿರುವುದು ಭಾರತದಲ್ಲಿ ಹೊಸ ಸಂಗತಿಯೇನಲ್ಲ. ಆದರೆ ಆ ಕುರ್ಚಿಯಲ್ಲಿ ಕೂತವರ ಹೆಸರು ಪ್ರಯಾಣಿಕರ ಬಾಯಲ್ಲಿ ಉಳಿದದ್ದು ತೀರಾ ಅಪರೂಪ. ದೆಹಲಿ ಮೆಟ್ರೊ ರೈಲು ನಿಗಮವನ್ನು 1997ರಿಂದ 2011ರ ಕೊನೆಯವರೆಗೆ ನಡೆಸಿದ ಇಳಾಟ್ಟುವಳಪ್ಪಿಲ್ ಶ್ರೀಧರನ್ ಆ ಅಪರೂಪದವರು. ಪತ್ರಿಕೆಗಳು ಅವರನ್ನು ‘ಮೆಟ್ರೊ ಮನುಷ್ಯ’ ಎಂದು ಕರೆದವು; ಪ್ರಾಮಾಣಿಕ, ಹಟಮಾರಿ, ಸಮಯಪಾಲಕ ಎಂಬ ಚಿತ್ರ ಗಟ್ಟಿಯಾಯಿತು. ಆ ಚಿತ್ರ ಸುಳ್ಳಲ್ಲ, ಆದರೆ ಅರೆಬರೆ. ಅವರ ಐದು ದಶಕಕ್ಕೂ ಮೀರಿದ ವೃತ್ತಿಯನ್ನು ಮೊದಲಿಂದ ನೋಡಿದರೆ ಅದೇ ಮನುಷ್ಯ ಒಂದು ಕಡೆ ಗೆದ್ದು ಇನ್ನೊಂದು ಕಡೆ ಏನೂ ಸಾಗದೆ ನಿಂತದ್ದು ಕಾಣುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಹುದ್ದೆಯ ಷರತ್ತುಗಳಲ್ಲಿದೆ: ಅಧಿಕಾರಿ ಎಷ್ಟು ಕಾಲ ಇರುತ್ತಾನೆ, ಗುತ್ತಿಗೆಗೆ ಯಾರ ಸಹಿ ಬೇಕು, ಹಣ ಎಲ್ಲಿಂದ ಬರುತ್ತದೆ, ದರ ನಿಗದಿ ಯಾರ ಕೈಯಲ್ಲಿದೆ ಎಂಬುದರಲ್ಲಿ. ದೆಹಲಿಯ ನಿದರ್ಶನ ಕಲಿಸುವುದು ಇದನ್ನೇ ಎಂಬುದು ಈ ಲೇಖನದ ನಿಲುವು.

ಶ್ರೀಧರನ್ ಹುಟ್ಟಿದ್ದು 1932ರ ಜೂನ್ 12ರಂದು, ಈಗಿನ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ. ಪಾಲಕ್ಕಾಡಿನ ಬಾಸೆಲ್ ಮಿಷನ್ ಶಾಲೆ ಮತ್ತು ವಿಕ್ಟೋರಿಯಾ ಕಾಲೇಜು ದಾಟಿ ಕಾಕಿನಾಡದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದರು. ಕೆಲಕಾಲ ಕೋಳಿಕ್ಕೋಡಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ, ಮುಂಬಯಿ ಬಂದರಿನಲ್ಲಿ ತರಬೇತಿ ಪಡೆದು, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ 1954ರಲ್ಲಿ ದಕ್ಷಿಣ ರೈಲ್ವೆ ಸೇರಿದರು. ಹತ್ತು ವರ್ಷದ ನಂತರ ಅವರ ಹೆಸರು ಮೊದಲ ಬಾರಿ ಹೊರಬಿತ್ತು. 1964ರ ಡಿಸೆಂಬರಿನ ಚಂಡಮಾರುತ ರಾಮೇಶ್ವರ ದ್ವೀಪವನ್ನು ಮುಖ್ಯ ಭೂಭಾಗಕ್ಕೆ ಸೇರಿಸುವ ಪಾಂಬನ್ ಸೇತುವೆಯನ್ನು ಕೊಚ್ಚಿಹಾಕಿತ್ತು. ಗರ್ಡರುಗಳ ಪೈಕಿ ಬಹುಪಾಲು ಸಮುದ್ರದ ಪಾಲಾಗಿದ್ದವು. ರೈಲ್ವೆ ದುರಸ್ತಿಗೆ ಆರು ತಿಂಗಳ ಗಡುವು ಹಾಕಿತು, ಮೇಲಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಹೊಸ ಗರ್ಡರು ತಯಾರಾಗಿ ಬರುವವರೆಗೆ ಕಾದಿದ್ದರೆ ಆ ಗಡುವು ದಾಟುತ್ತಿತ್ತು. ಬಿದ್ದ ಗರ್ಡರುಗಳು ಎಲ್ಲಿ ಮುಳುಗಿವೆ ಎಂದು ಮೀನುಗಾರರಿಂದ ತಿಳಿದು, ಅವನ್ನೇ ಎತ್ತಿಸಿ ಮತ್ತೆ ಕಂಬಗಳ ಮೇಲೆ ಕೂರಿಸಿ, 46 ದಿನದಲ್ಲಿ ರೈಲು ಓಡುವಂತೆ ಮಾಡಿದರು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಜಾಗದಲ್ಲಿದ್ದ ಎಂಜಿನಿಯರು ತಾನೇ ತೀರ್ಮಾನ ಮಾಡಬಹುದಾಗಿತ್ತು. ಕಡತ ಮೇಲೆ ಹೋಗಿ ಕೆಳಗೆ ಬರುವುದಕ್ಕೆ ಸಮಯವೇ ಇರಲಿಲ್ಲ.

ಇದಕ್ಕೆ ನೇರ ವಿರುದ್ಧದ ಅಧ್ಯಾಯ ಕೋಲ್ಕತ್ತ. 1970ರಿಂದ 1975ರವರೆಗೆ ಶ್ರೀಧರನ್ ಅಲ್ಲಿ ಉಪ ಮುಖ್ಯ ಎಂಜಿನಿಯರಾಗಿ ದೇಶದ ಮೊದಲ ಮೆಟ್ರೊದ ಯೋಜನೆಯಲ್ಲಿ ಕೆಲಸ ಮಾಡಿದರು. ಇಂದಿರಾ ಗಾಂಧಿ 1972ರ ಡಿಸೆಂಬರ್ 29ರಂದು ಅಡಿಗಲ್ಲು ಹಾಕಿದರು. ಮೊದಲ 3.4 ಕಿ.ಮೀ. ಓಡಿದ್ದು 1984ರ ಅಕ್ಟೋಬರಿನಲ್ಲಿ. ಸುಮಾರು 16 ಕಿ.ಮೀ. ಮಾರ್ಗ ಪೂರ್ತಿಯಾಗುವ ಹೊತ್ತಿಗೆ 1995 ಬಂದಿತ್ತು. ಹಣ ಪ್ರತಿವರ್ಷ ರೈಲ್ವೆ ಬಜೆಟ್ಟಿನಿಂದ ಬರಬೇಕು; ಬಂದಷ್ಟು ವರ್ಷ ಕೆಲಸ, ಬಾರದ ವರ್ಷ ಅಗೆದ ರಸ್ತೆ ಹಾಗೇ. ನೀರಿನ ಕೊಳವೆ, ವಿದ್ಯುತ್ ತಂತಿ ಸ್ಥಳಾಂತರಿಸುವ ಇಲಾಖೆಗಳು ಬೇರೆ, ನ್ಯಾಯಾಲಯದ ತಡೆಯಾಜ್ಞೆಗಳು ಬೇರೆ. ಪಾಂಬನ್ ಕಟ್ಟಿದ ಎಂಜಿನಿಯರೇ ಅಲ್ಲಿದ್ದರೂ ಈ ವ್ಯವಸ್ಥೆ ಅಲುಗಲಿಲ್ಲ. ‘ಅವರು ಅಲ್ಲಿ ಕಿರಿಯ ಅಧಿಕಾರಿ, ಐದೇ ವರ್ಷ ಇದ್ದವರು, ಅವರ ಮೇಲೆ ಹೊರಿಸುವುದು ಸರಿಯಲ್ಲ’ ಎಂದು ಯಾರಾದರೂ ಹೇಳಬಹುದು. ಹೊರಿಸುವ ಮಾತೇ ಇಲ್ಲ. ಆ ಆಕ್ಷೇಪವೇ ವಾದವನ್ನು ಬಲಪಡಿಸುತ್ತದೆ. ಸಾಮರ್ಥ್ಯವಿದ್ದೂ ಅಧಿಕಾರವಿಲ್ಲದ ಸ್ಥಾನದಲ್ಲಿ ಕೂತ ಮನುಷ್ಯನಿಂದ ಯಾವ ಪವಾಡವೂ ಆಗಲಿಲ್ಲ.

1979ರಲ್ಲಿ ಕೊಚ್ಚಿ ಹಡಗುಕಟ್ಟೆಯ ಮುಖ್ಯಸ್ಥರಾದರು. ಆ ಕಟ್ಟೆಯ ಮೊದಲ ಹಡಗು ‘ರಾಣಿ ಪದ್ಮಿನಿ’ 1981ರಲ್ಲಿ ನೀರಿಗಿಳಿಯಿತು. ಆಮೇಲೆ ಪಶ್ಚಿಮ ರೈಲ್ವೆಯ ಮಹಾಪ್ರಬಂಧಕ, ರೈಲ್ವೆ ಮಂಡಳಿಯ ಎಂಜಿನಿಯರಿಂಗ್ ಸದಸ್ಯ, 1990ರ ಜೂನ್‌ನಲ್ಲಿ ಐವತ್ತೆಂಟಕ್ಕೆ ನಿವೃತ್ತಿ. ಸಾಮಾನ್ಯ ರೈಲ್ವೆ ಅಧಿಕಾರಿಯ ಬದುಕು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯದೆ ಹೋದದ್ದಕ್ಕೆ ಮಂಗಳೂರಿನವರೇ ಆದ ಆಗಿನ ರೈಲ್ವೆ ಸಚಿವ ಜಾರ್ಜ್ ಫರ್ನಾಂಡಿಸ್ ಕಾರಣ. ಕರಾವಳಿಯ ರೈಲು ಬಜೆಟ್ಟಿನ ಚಿಲ್ಲರೆ ಹಣದಲ್ಲಿ ಎಂದೂ ಆಗದೆಂದು ಅವರಿಗೆ ಗೊತ್ತಿತ್ತು. ಹಾಗಾಗಿ ಕೊಂಕಣ ರೈಲ್ವೆಯನ್ನು ಪ್ರತ್ಯೇಕ ಕಂಪನಿಯಾಗಿ ಕಟ್ಟಲಾಯಿತು. ಷೇರಿನಲ್ಲಿ ಕೇಂದ್ರಕ್ಕೆ ಶೇ. 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6. ಉಳಿದ ಹಣ ಬಾಂಡುಗಳಿಂದ ಬಂತು. ನಿವೃತ್ತ ಶ್ರೀಧರನ್ ಅದರ ಅಧ್ಯಕ್ಷರಾದರು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ., ತೊಂಬತ್ತಕ್ಕೂ ಹೆಚ್ಚು ಸುರಂಗ. ಮಂಗಳೂರು–ಉಡುಪಿ ತುಂಡು 1993ರ ಮಾರ್ಚಿನಲ್ಲೇ ತೆರೆಯಿತು, ಪೂರ್ಣ ಮಾರ್ಗ 1998ರ ಜನವರಿಯಲ್ಲಿ. ಗೋವೆಯಲ್ಲಿ ಮಾರ್ಗದ ವಿರುದ್ಧ ಚಳವಳಿ ನಡೆದು ಕೆಲಸ ತಿಂಗಳುಗಟ್ಟಲೆ ನಿಂತಿತು, ನ್ಯಾಯಮೂರ್ತಿ ಓಜಾ ಅವರ ವಿಚಾರಣೆಯೂ ಆಯಿತು. ಮುಂದೆ ದೆಹಲಿಯಲ್ಲಿ ಬಳಕೆಯಾದ ಮಾದರಿ ರೂಪುಗೊಂಡದ್ದು ಇಲ್ಲಿ: ಒಂದೇ ಗುರಿಯ ಕಂಪನಿ, ಕಡಿಮೆ ಸಿಬ್ಬಂದಿ, ಮೊದಲೇ ಖಚಿತವಾದ ಹಣ, ಇಲಾಖೆಯ ಹೊರಗಿನ ನಿರ್ಧಾರ.

ದೆಹಲಿ ಮೆಟ್ರೊ ರೈಲು ನಿಗಮ ನೋಂದಣಿಯಾದದ್ದು 1995ರ ಮೇ 3ರಂದು. ಮೊದಲ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 1996ರ ಸೆಪ್ಟೆಂಬರಿನಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. (ಬೆಂಗಳೂರಿನವರು ಇದನ್ನು ನೆನೆದು ಸ್ವಲ್ಪ ಹೊಟ್ಟೆ ಉರಿದುಕೊಂಡರೆ ತಪ್ಪೇನಿಲ್ಲ.) ಕೇಂದ್ರ ಮತ್ತು ದೆಹಲಿ ಸರ್ಕಾರಗಳಿಗೆ ಸಮಪಾಲು, ಅಧ್ಯಕ್ಷ ಸ್ಥಾನ ಕೇಂದ್ರದ ನಗರಾಭಿವೃದ್ಧಿ ಕಾರ್ಯದರ್ಶಿಗೆ, ವ್ಯವಸ್ಥಾಪಕ ನಿರ್ದೇಶಕರನ್ನು ಹೆಸರಿಸುವುದು ದೆಹಲಿ ಸರ್ಕಾರ. ಕಾಗದದ ಮೇಲೆ ಇದು ಜಗಳಕ್ಕೆ ಹೇಳಿ ಮಾಡಿಸಿದ ಏರ್ಪಾಡು. ಆದರೆ ಸಮಪಾಲಿನ ಇಬ್ಬರು ಒಡೆಯರಿದ್ದಾಗ ಯಾರೊಬ್ಬರೂ ನಿತ್ಯದ ಕೆಲಸಕ್ಕೆ ಕೈಹಾಕುವುದು ಸುಲಭವಾಗಲಿಲ್ಲ; ನಡುವೆ ಇದ್ದ ಅಧಿಕಾರಿಗೆ ಉಸಿರಾಡಲು ಜಾಗ ಸಿಕ್ಕಿತು. ಮೊದಲ ಹಂತದ ವೆಚ್ಚದಲ್ಲಿ ಸುಮಾರು ಶೇ. 60 ಜಪಾನಿನ ದೀರ್ಘಾವಧಿ ಸಾಲ. ಆದ್ದರಿಂದ ಕೋಲ್ಕತ್ತದ ಹಾಗೆ ಪ್ರತಿವರ್ಷದ ಬಜೆಟ್ಟಿಗೆ ಕಾದು ಕೂರಬೇಕಾಗಲಿಲ್ಲ. ಅರವತ್ತೈದರ ವಯಸ್ಸಿನಲ್ಲಿ ಅಧಿಕಾರ ವಹಿಸಿಕೊಂಡ ಶ್ರೀಧರನ್‌ಗೆ ಮುಂದಿನ ಬಡ್ತಿಯ ಆಸೆಯಾಗಲಿ ವರ್ಗಾವಣೆಯ ಭಯವಾಗಲಿ ಇರಲಿಲ್ಲ. 1998ರಿಂದ ಹದಿನೈದು ವರ್ಷ ದೆಹಲಿಗೆ ಶೀಲಾ ದೀಕ್ಷಿತ್ ಒಬ್ಬರೇ ಮುಖ್ಯಮಂತ್ರಿ. ಇದು ಯಾರೂ ಯೋಜಿಸಿದ್ದಲ್ಲ, ಒದಗಿಬಂದದ್ದು.

1998ರ ಅಕ್ಟೋಬರ್ 1ರಂದು ಕೆಲಸ ಶುರುವಾಯಿತು. ಕಾಮಗಾರಿಯ ಜಾಗಗಳಲ್ಲೂ ಕಚೇರಿಗಳಲ್ಲೂ ಇಷ್ಟು ದಿನ ಉಳಿದಿದೆ ಎಂದು ಹಿಂದಕ್ಕೆ ಎಣಿಸುವ ಗಡಿಯಾರಗಳನ್ನು ತೂಗುಹಾಕಲಾಯಿತು. ಸಂದರ್ಶಕರು ಮೊದಲು ಬರೆದುಕೊಳ್ಳುತ್ತಿದ್ದದ್ದು ಅವುಗಳ ಬಗ್ಗೆಯೇ. ಗಡಿಯಾರಕ್ಕಿಂತ ಮುಖ್ಯವಾದದ್ದು ಬಿಲ್ ಪಾವತಿ. ಗುತ್ತಿಗೆದಾರ ಬಿಲ್ ಕೊಟ್ಟ ಕೂಡಲೇ ಬಹುಪಾಲು ಹಣ ಕೊಟ್ಟು, ಉಳಿದದ್ದನ್ನು ಪರಿಶೀಲನೆಯ ನಂತರ ಚುಕ್ತಾ ಮಾಡುವ ಪದ್ಧತಿಯಿಂದ ‘ಹಣ ಬರಲಿಲ್ಲ, ಕೂಲಿಯಾಳು ಹೋದರು’ ಎಂಬ ನೆಪಕ್ಕೆ ಎಡೆ ಇರಲಿಲ್ಲ. ರೈಲು ಓಡಿಸುವ ಮೊದಲ ತಂಡಕ್ಕೆ ಹಾಂಗ್‌ಕಾಂಗ್ ಮೆಟ್ರೊದಲ್ಲಿ ತರಬೇತಿಯಾಯಿತು. ಮೊದಲ ಬೋಗಿಗಳು ಕೊರಿಯಾದಿಂದ ಬಂದವು, ಉಳಿದವು ಬೆಂಗಳೂರಿನ ಬಿಇಎಂಎಲ್‌ನಲ್ಲಿ ತಯಾರಾದವು. 2002ರ ಡಿಸೆಂಬರ್ 24ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಶಾಹದರಾ–ತೀಸ್ ಹಜಾರಿ ನಡುವಿನ ಎಂಟು ಕಿಲೋಮೀಟರ್ ಚಿಲ್ಲರೆ ಮಾರ್ಗ ಉದ್ಘಾಟಿಸಿದರು. ಮರುದಿನ ಸಾರ್ವಜನಿಕರಿಗೆ ಬಿಟ್ಟಾಗ ಸುಮ್ಮನೆ ಒಂದು ಸುತ್ತು ಹೋಗಿಬರಲು ಲಕ್ಷಾಂತರ ಜನ ಮುಗಿಬಿದ್ದರು. ದಿನಕ್ಕೆ ಇಷ್ಟು ಮಂದಿ ಎಂದು ಲೆಕ್ಕ ಹಾಕಿದ್ದ ಗೇಟುಗಳು ಸಾಲದೆ ಕಾಗದದ ಟಿಕೆಟ್ ಕೊಡಬೇಕಾಯಿತು, ಸ್ವಲ್ಪ ದಿನ ಬಿಟ್ಟು ಬನ್ನಿ ಎಂದು ನಿಗಮವೇ ಬೇಡಿಕೊಂಡಿತು. ಹತ್ತು ವರ್ಷದಲ್ಲಿ ಮುಗಿಸಬೇಕಿದ್ದ 65 ಕಿ.ಮೀ. ಮೊದಲ ಹಂತವನ್ನು ಏಳು ವರ್ಷ ಮೂರು ತಿಂಗಳಲ್ಲಿ ಮುಗಿಸಿದೆವೆಂಬುದು ನಿಗಮದ ಹೆಮ್ಮೆಯ ಮಾತು. ಎರಡನೇ ಹಂತದ ಸುಮಾರು 125 ಕಿ.ಮೀ. ಬಹುಪಾಲು 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಸಿದ್ಧವಾಯಿತು. ವಿಮಾನ ನಿಲ್ದಾಣದ ಮಾರ್ಗ ಕ್ರೀಡಾಕೂಟ ಮುಗಿದ ಮೇಲೆ ಬಂತು.

ಅವರ ಮಾತೇ ಎಲ್ಲ ಕಡೆ ನಡೆಯಿತೆಂದಲ್ಲ. ಹಳಿಗಳ ಅಗಲದ ವಿವಾದದಲ್ಲಿ ಅವರು ಸೋತರು. ಪ್ರಪಂಚದ ಬಹುಪಾಲು ಮೆಟ್ರೊಗಳು ಬಳಸುವ 1435 ಮಿ.ಮೀ. ಹಳಿ ಸಾಕು, ತಿರುವುಗಳಿಗೂ ಸಲೀಸು, ಬೋಗಿಗಳೂ ಸುಲಭವಾಗಿ ಸಿಗುತ್ತವೆ ಎಂದು ಅವರ ವಾದ. ದೇಶದ ರೈಲು ಜಾಲದ 1676 ಮಿ.ಮೀ. ಬ್ರಾಡ್‌ಗೇಜೇ ಆಗಬೇಕೆಂದು ರೈಲ್ವೆ ಇಲಾಖೆ. ಸರ್ಕಾರ ಇಲಾಖೆಯ ಪರ ನಿಂತಿತು. ಶ್ರೀಧರನ್ ಆಕ್ಷೇಪವನ್ನು ದಾಖಲಿಸಿ ಬ್ರಾಡ್‌ಗೇಜಿನಲ್ಲೇ ಕಟ್ಟಿದರು. ಎರಡನೇ ಹಂತದ ಪ್ರತ್ಯೇಕ ಮಾರ್ಗಗಳಿಗೆ 1435 ಮಿ.ಮೀ. ಒಪ್ಪಿಗೆಯಾಗಿ, 2010ರ ಏಪ್ರಿಲ್‌ನಲ್ಲಿ ಇಂದರ್‌ಲೋಕ್–ಮುಂಡ್ಕಾ ಮಾರ್ಗ ಅದರಲ್ಲಿ ಮೊದಲು ಓಡಿತು. ಹೀಗಾಗಿ ಒಂದೇ ನಗರದ ಮೆಟ್ರೊದಲ್ಲಿ ಇಂದಿಗೂ ಎರಡು ಅಳತೆಯ ಹಳಿಗಳಿವೆ. ಒಂದರ ಬೋಗಿ ಇನ್ನೊಂದರ ಮೇಲೆ ಓಡುವುದಿಲ್ಲ. ನೀತಿಯ ಪ್ರಶ್ನೆಯಲ್ಲಿ ಸೋತರೂ ಕಾಮಗಾರಿ ನಿಲ್ಲದಂತೆ ನೋಡಿಕೊಂಡದ್ದರಲ್ಲಿ ಈ ಹುದ್ದೆಯ ಒಂದು ನಿಜವಾದ ಕೌಶಲ ಕಾಣುತ್ತದೆ.

ಅದೇ ನಗರ, ಅವೇ ಸರ್ಕಾರಗಳು, ಅದೇ ಕಾಲದಲ್ಲಿ ಬಸ್ಸಿಗೆ ಏನಾಯಿತು ಎಂದು ನೋಡಿದರೆ ಚಿತ್ರ ತಿಳಿಯಾಗುತ್ತದೆ. ದೆಹಲಿ ಸಾರಿಗೆ ನಿಗಮ 1971ರಲ್ಲಿ ರಚನೆಯಾಗಿ, 1996ರಲ್ಲಿ ಕೇಂದ್ರದಿಂದ ದೆಹಲಿ ಸರ್ಕಾರಕ್ಕೆ ಬಂತು. 1998ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಾಯುಮಾಲಿನ್ಯದ ಪ್ರಕರಣದಲ್ಲಿ ನಗರಕ್ಕೆ ಹತ್ತು ಸಾವಿರ ಬಸ್ಸು ಬೇಕು, ಎಲ್ಲವೂ ಸಿಎನ್‌ಜಿಗೆ ಬದಲಾಗಬೇಕು ಎಂದು ಆದೇಶಿಸಿತು. ಸಿಎನ್‌ಜಿ ಬಂತು, ಹತ್ತು ಸಾವಿರ ಬರಲಿಲ್ಲ. ಖಾಸಗಿ ಬ್ಲೂಲೈನ್ ಬಸ್ಸುಗಳು ಜನರನ್ನು ಬಲಿತೆಗೆದುಕೊಂಡು ಕುಖ್ಯಾತವಾಗಿ ಕೊನೆಗೆ ರಸ್ತೆಯಿಂದ ಹೊರಬಿದ್ದವು. 2025ರಲ್ಲಿ ವಿಧಾನಸಭೆಯ ಮುಂದೆ ಬಂದ ಮಹಾಲೇಖಪಾಲರ ವರದಿಯ ಪ್ರಕಾರ ನಿಗಮದ ಬಸ್ಸುಗಳು 2015–16ರ 4,344ರಿಂದ 2022–23ಕ್ಕೆ 3,937ಕ್ಕೆ ಇಳಿದಿದ್ದವು. ಸಂಚಿತ ನಷ್ಟ ಸುಮಾರು 25 ಸಾವಿರ ಕೋಟಿಯಿಂದ 60 ಸಾವಿರ ಕೋಟಿ ದಾಟಿತ್ತು. 2009ರ ನವೆಂಬರಿನ ನಂತರ ಟಿಕೆಟ್ ದರ ಬದಲಾಗಿರಲಿಲ್ಲ. ಈ ಅವಧಿಯಲ್ಲಿ ನಿಗಮದ ಮುಖ್ಯಸ್ಥರು ಯಾರು ಯಾರು ಎಂದು ದೆಹಲಿಯ ಯಾವ ಬಸ್ ಪ್ರಯಾಣಿಕರನ್ನು ಕೇಳಿದರೂ ಉತ್ತರ ಬರುವುದು ಕಷ್ಟ. ಐಎಎಸ್ ಅಧಿಕಾರಿಗಳು ಬರುತ್ತಾರೆ, ಕೆಲವೊಮ್ಮೆ ಬೇರೆ ಹುದ್ದೆಯ ಜೊತೆಗೆ ಹೆಚ್ಚುವರಿ ಪ್ರಭಾರವಾಗಿ. ಡಿಪೊಗಳ ಹೆಸರು ಕಲಿಯುವಷ್ಟರಲ್ಲಿ ವರ್ಗಾವಣೆ. ಬಸ್ ಕೊಳ್ಳುವುದು, ದರ ಏರಿಸುವುದು, ಹೊಸ ಮಾರ್ಗ ತೆರೆಯುವುದು ಎಲ್ಲವೂ ಸರ್ಕಾರದ ಕೈಯಲ್ಲಿ. ಅಂಥ ಕುರ್ಚಿಯಲ್ಲಿ ಯಾರನ್ನು ಕೂರಿಸಿದರೂ ಫಲಿತಾಂಶ ತುಂಬ ಬೇರೆಯಾಗುತ್ತಿತ್ತೆಂದು ನಂಬುವುದು ಕಷ್ಟ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ: ಹೋಲಿಕೆಯೇ ಅನ್ಯಾಯದ್ದು. ಮೆಟ್ರೊಗೆ ಜಪಾನಿನ ಸಾಲ, ತೆರಿಗೆ ವಿನಾಯಿತಿ, ಹೊಸ ಜಾಗ, ಹೊಸ ಸಿಬ್ಬಂದಿ. ಬಸ್ಸಿಗೆ ಹಳೆಯ ನಷ್ಟ, ಹಳೆಯ ಒಕ್ಕೂಟಗಳು, ಕಿಕ್ಕಿರಿದ ರಸ್ತೆ. ಮೊದಲ ವರ್ಷಗಳಲ್ಲಿ ಮೆಟ್ರೊದ ಪ್ರಯಾಣಿಕರ ಸಂಖ್ಯೆಯೂ ಯೋಜನಾ ವರದಿಯ ಅಂದಾಜಿಗಿಂತ ಎಷ್ಟೋ ಕೆಳಗಿತ್ತು, ಆದರೂ ಅದನ್ನು ಸೋಲೆಂದು ಯಾರೂ ಕರೆಯಲಿಲ್ಲ. ಈ ಮಾತು ಒಪ್ಪತಕ್ಕದ್ದೇ. ಆದರೆ ಹಣ ಮಾತ್ರವೇ ಕಾರಣವೆಂದು ಒಪ್ಪುವಂತಿಲ್ಲ, ಏಕೆಂದರೆ ದುಡ್ಡು ಸುರಿದರೂ ಒಡೆತನ ಸ್ಪಷ್ಟವಿಲ್ಲದ ಕೆಲಸ ಕೆಡುವುದಕ್ಕೆ ದೆಹಲಿಯಲ್ಲೇ ಸಾಕ್ಷಿಯಿದೆ. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ತೆರೆದ ಬಸ್ಸುಗಳ ಪ್ರತ್ಯೇಕ ಪಥವನ್ನು ಒಬ್ಬರು ರೂಪಿಸಿದರು, ಇನ್ನೊಬ್ಬರು ಕಟ್ಟಿದರು, ಓಡಿಸುವ ಬಸ್ಸು ಮೂರನೆಯವರದು. ಕಾರಿನವರ ಸಿಟ್ಟನ್ನು ಎದುರಿಸಿ ನಿಲ್ಲುವ ಅಧಿಕಾರಿ ಯಾರೂ ಇರಲಿಲ್ಲ. 2016ರಲ್ಲಿ ಅದನ್ನು ಕಿತ್ತುಹಾಕಲಾಯಿತು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಇಷ್ಟು ಸ್ವಾತಂತ್ರ್ಯ ಕೊಟ್ಟರೆ ತಪ್ಪಿಗೆ ಹೊಣೆ ಯಾರು? 2008ರ ಅಕ್ಟೋಬರಿನಲ್ಲಿ ಲಕ್ಷ್ಮೀನಗರದಲ್ಲಿ ಗರ್ಡರ್ ಎತ್ತುವ ಯಂತ್ರ ಕುಸಿದು ಸಾವುಗಳಾದವು. 2009ರ ಜುಲೈ 12ರ ಬೆಳಗಿನ ಜಾವ ದಕ್ಷಿಣ ದೆಹಲಿಯ ಜಮ್ರೂದ್‌ಪುರದಲ್ಲಿ ಕಂಬದ ತಲೆ ಮುರಿದು ಆರು ಮಂದಿ ಸತ್ತರು. ಮರುದಿನ ಅವಶೇಷ ಎತ್ತಲು ಬಂದ ಕ್ರೇನುಗಳೇ ಅಲ್ಲಿ ಉರುಳಿದವು. ಶ್ರೀಧರನ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು, ಮುಖ್ಯಮಂತ್ರಿ ಅದನ್ನು ತಿರಸ್ಕರಿಸಿದರು, ಅವರು ಮರುದಿನ ಹಿಂದೆ ಪಡೆದರು. ಹೊಗಳುವವರು ಇದನ್ನು ದೊಡ್ಡತನವೆಂದರು. ಆದರೆ ತಿರಸ್ಕೃತವಾಗುವುದು ಬಹುತೇಕ ಖಚಿತವಾಗಿದ್ದ ರಾಜೀನಾಮೆ ಹೊಣೆಗಾರಿಕೆಯ ಪೂರ್ತಿ ರೂಪವಾಗಲಾರದು. ವೇಗಕ್ಕೆ ಕಟ್ಟಿದ ಸಂಸ್ಥೆಯಲ್ಲಿ ಸುರಕ್ಷತೆಯನ್ನು ಹೊರಗಿನವರು ನೋಡಬೇಕಿತ್ತೆಂಬ ಟೀಕೆ ಸರಿಯಾದದ್ದು. ಇದರಿಂದ ಹೊರಡುವ ತೀರ್ಮಾನ ಅಧಿಕಾರ ಕಿತ್ತುಕೊಳ್ಳಬೇಕೆಂಬುದಾಗದೆ, ವಿನ್ಯಾಸ ಪರಿಶೀಲನೆಗೆ ಬೇರೆ ಕಣ್ಣು ಇಡಬೇಕೆಂಬುದಾಗುತ್ತದೆ. ಜಮ್ರೂದ್‌ಪುರದಲ್ಲಿ ಕೆಟ್ಟದ್ದು ವಿನ್ಯಾಸ, ಮಂತ್ರಿಯ ಹಸ್ತಕ್ಷೇಪವಿದ್ದರೂ ಅದು ಸರಿಹೋಗುತ್ತಿರಲಿಲ್ಲ.

ಇನ್ನೊಂದು ಕಲೆ ವಿಮಾನ ನಿಲ್ದಾಣ ಮಾರ್ಗದ್ದು. ಖಾಸಗಿ ಪಾಲುದಾರಿಕೆಯ ಬಗ್ಗೆ ಶ್ರೀಧರನ್‌ಗೆ ಒಲವಿರಲಿಲ್ಲ. ಹೈದರಾಬಾದ್ ಮೆಟ್ರೊದ ಏರ್ಪಾಡನ್ನು 2008ರಲ್ಲಿ ಯೋಜನಾ ಆಯೋಗಕ್ಕೆ ಪತ್ರ ಬರೆದು ಟೀಕಿಸಿದ್ದರು. ಆದರೂ ಅದೇ ವರ್ಷ ಅವರದೇ ನಿಗಮ ಈ 22.7 ಕಿ.ಮೀ. ಮಾರ್ಗವನ್ನು ರಿಲಯನ್ಸ್ ಇನ್‌ಫ್ರಾ ನೇತೃತ್ವದ ಕಂಪನಿಗೆ ವಹಿಸಿತು: ಕಟ್ಟಡ ನಿಗಮದ್ದು, ರೈಲು ಓಡಿಸುವುದು ಕಂಪನಿಯದು. 2011ರ ಫೆಬ್ರವರಿಯಲ್ಲಿ ತೆರೆದು, 2012ರ ಜುಲೈನಲ್ಲಿ ಸುರಕ್ಷತೆಯ ಕಾರಣಕ್ಕೆ ನಿಂತು, 2013ರ ಜುಲೈನಲ್ಲಿ ನಿಗಮದ ಕೈಗೇ ಬಂತು. ಮಧ್ಯಸ್ಥಿಕೆಯ ತೀರ್ಪು 2017ರಲ್ಲಿ ಕಂಪನಿಯ ಪರ, 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು, 2024ರ ಏಪ್ರಿಲ್‌ನಲ್ಲಿ ಕ್ಯುರೇಟಿವ್ ಅರ್ಜಿಯ ಮೇಲೆ ಅದೇ ನ್ಯಾಯಾಲಯ ರದ್ದುಮಾಡಿತು. ಒಬ್ಬ ಮುಖ್ಯಾಧಿಕಾರಿ ಹಾಕಿದ ಸಹಿಯ ಬೆಲೆ ಅವನ ನಂತರದ ಇಬ್ಬರು ಲೆಕ್ಕಹಾಕುತ್ತ ಕೂತ ಪ್ರಸಂಗವಿದು.

ಆ ಇಬ್ಬರು ಈ ವಾದಕ್ಕೆ ಬೇಕಾದ ಕೊನೆಯ ಸಾಕ್ಷಿ. ವ್ಯಕ್ತಿಯೇ ಎಲ್ಲವೂ ಆಗಿದ್ದರೆ 2012ರ ನಂತರ ನಿಗಮ ಕುಸಿಯಬೇಕಿತ್ತು. ಅವರಲ್ಲಿ ಮೊದಲನೆಯವರಾದ ಮಂಗೂ ಸಿಂಗ್ ರೈಲ್ವೆ ಎಂಜಿನಿಯರ್, ಕೋಲ್ಕತ್ತ ಮೆಟ್ರೊದಲ್ಲಿ ದುಡಿದವರು, ಆರಂಭದಿಂದ ನಿಗಮದಲ್ಲಿದ್ದವರು. ಹತ್ತು ವರ್ಷ ಮುಖ್ಯಸ್ಥರಾಗಿ ಸುಮಾರು 160 ಕಿ.ಮೀ. ಉದ್ದದ ಮೂರನೇ ಹಂತ ಕಟ್ಟಿದರು. ಅವರ ಚಿತ್ರ ಪತ್ರಿಕೆಯ ಮುಖಪುಟದಲ್ಲಿ ಬಂದದ್ದು ಕಡಿಮೆ. 2022ರ ಏಪ್ರಿಲ್‌ನಲ್ಲಿ ಬಂದ ವಿಕಾಸ್ ಕುಮಾರ್ ರೈಲ್ವೆಯ ಸಂಚಾರ ಸೇವೆಯವರು, 2004ರಿಂದ ನಿಗಮದ ಸಂಚಾರ ವಿಭಾಗದಲ್ಲಿ ಬೆಳೆದವರು. ಸುರಂಗ ಕೊರೆದವರಿಂದ ರೈಲು ಓಡಿಸಿದವರಿಗೆ ಹುದ್ದೆ ದಾಟಿದ್ದು ಸಂಸ್ಥೆ ವಯಸ್ಸಿಗೆ ಬಂದದ್ದರ ಗುರುತು. ಲಂಡನ್ನಿನಲ್ಲಿ ಇಂಥದ್ದು ಹಳೆಯ ರೂಢಿ: ಸುರಂಗ ರೈಲಿನ ನಿಲ್ದಾಣದಲ್ಲಿ ಕೆಲಸ ಶುರುಮಾಡಿದ ಆಂಡಿ ಬೈಫೋರ್ಡ್ ಟೊರೊಂಟೊ, ನ್ಯೂಯಾರ್ಕುಗಳ ಮೆಟ್ರೊ ನಡೆಸಿದರು. ನ್ಯೂಯಾರ್ಕಿನಲ್ಲಿ ರಾಜ್ಯಪಾಲ ಆಂಡ್ರೂ ಕ್ಯುಮೊ ಜೊತೆ ಹೊಂದದೆ ಎರಡೇ ವರ್ಷಕ್ಕೆ, 2020ರಲ್ಲಿ ರಾಜೀನಾಮೆ ಕೊಟ್ಟು ಹೋದರು. ಮನುಷ್ಯ ಅವನೇ, ನಗರಕ್ಕೊಂದು ಫಲ.

ದರದ ಜಗಳವೂ ಇದನ್ನೇ ತೋರಿಸುತ್ತದೆ. ಮೆಟ್ರೊ ದರವನ್ನು ಕಾಯ್ದೆಯಡಿ ರಚನೆಯಾಗುವ ಸಮಿತಿ ಗೊತ್ತುಮಾಡುತ್ತದೆ. 2017ರ ಮೇ ಮತ್ತು ಅಕ್ಟೋಬರಿನಲ್ಲಿ ಗರಿಷ್ಠ ದರ 30 ರೂಪಾಯಿಯಿಂದ 50ಕ್ಕೆ, ಮತ್ತೆ 60ಕ್ಕೆ ಏರಿತು. ಮುಖ್ಯಮಂತ್ರಿ ಕೇಜ್ರಿವಾಲ್ ತೀವ್ರವಾಗಿ ವಿರೋಧಿಸಿದರೂ ತಡೆಯಲಾಗಲಿಲ್ಲ. 2019ರಲ್ಲಿ ಅವರ ಸರ್ಕಾರ ಮಹಿಳೆಯರಿಗೆ ಬಸ್ಸಿನಲ್ಲೂ ಮೆಟ್ರೊದಲ್ಲೂ ಉಚಿತ ಪ್ರಯಾಣ ಘೋಷಿಸಿದಾಗ ನಿವೃತ್ತ ಶ್ರೀಧರನ್ ಮೆಟ್ರೊಗೆ ಬೇಡವೆಂದು ಪ್ರಧಾನಿಗೆ ಪತ್ರ ಬರೆದರು. ಅಕ್ಟೋಬರ್ 29ರಿಂದ ಬಸ್ಸಿನಲ್ಲಿ ಉಚಿತವಾಯಿತು, ಮೆಟ್ರೊದಲ್ಲಿ ಆಗಲಿಲ್ಲ. ನಮ್ಮ ‘ಶಕ್ತಿ’ ಯೋಜನೆಯ ಉಚಿತ ಬಸ್ ಪ್ರಯಾಣವನ್ನು ಕಂಡ ಕರ್ನಾಟಕದವರು ಶ್ರೀಧರನ್ ನಿಲುವನ್ನು ಒಪ್ಪಲೇಬೇಕೆಂದಿಲ್ಲ. ಬಡ ಹೆಂಗಸರ ಓಡಾಟದ ಪ್ರಶ್ನೆಯನ್ನು ಸಾಲದ ಲೆಕ್ಕದಿಂದ ಮಾತ್ರ ಅಳೆದದ್ದು ಆ ಪತ್ರದ ಮಿತಿ. ಇಲ್ಲಿ ಮುಖ್ಯವಾದದ್ದು ಬೇರೆ: ಒಂದು ಸಂಸ್ಥೆಗೆ ‘ಆಗದು’ ಎನ್ನುವ ಕಾನೂನಿನ ಬಲವಿತ್ತು, ಇನ್ನೊಂದಕ್ಕೆ ಇರಲಿಲ್ಲ.

ಬೆಂಗಳೂರಿನ ಮೆಟ್ರೊ ನಿಗಮ ದೆಹಲಿಯ ಅಚ್ಚಿನಲ್ಲೇ ಹುಟ್ಟಿತು. ಯೋಜನಾ ವರದಿ ಬರೆದದ್ದೂ ದೆಹಲಿಯ ನಿಗಮವೇ. ಆದರೆ ಅದರ ವ್ಯವಸ್ಥಾಪಕ ನಿರ್ದೇಶಕರು ಬಹುತೇಕ ಐಎಎಸ್ ಅಧಿಕಾರಿಗಳು, ಅವಧಿ ಚಿಕ್ಕದು. 2006ರಲ್ಲಿ ಅಡಿಗಲ್ಲು ಬಿದ್ದ 42 ಕಿ.ಮೀ. ಮೊದಲ ಹಂತ ಮುಗಿದದ್ದು 2017ರ ಜೂನ್‌ನಲ್ಲಿ. ನೆಲದ ಗಟ್ಟಿ ಬಂಡೆಯೂ ಕಾರಣವೆನ್ನುತ್ತಾರೆ, ಇರಬಹುದು. ಬಂಡೆಯನ್ನು ಅರಿಯುವಷ್ಟು ಕಾಲ ಒಬ್ಬರೇ ಇರಲಿಲ್ಲವೆಂಬುದೂ ಲೆಕ್ಕಕ್ಕೆ ಬರಬೇಕು.

ಶ್ರೀಧರನ್ ಕತೆಯ ಉಳಿದ ಭಾಗ ಬೇಗ ಹೇಳಬಹುದು: 2001ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮವಿಭೂಷಣ, 2017ರಲ್ಲಿ ತೆರೆದ ಕೊಚ್ಚಿ ಮೆಟ್ರೊಗೆ ಸಲಹೆ, 2021ರಲ್ಲಿ ಬಿಜೆಪಿ ಸೇರಿ ಪಾಲಕ್ಕಾಡಿನಿಂದ ವಿಧಾನಸಭೆಗೆ ನಿಂತು ಅಲ್ಪ ಅಂತರದಲ್ಲಿ ಸೋಲು. ದೆಹಲಿಯಲ್ಲಿ ಉಳಿದ ಪ್ರಶ್ನೆ ನಗರದ ಗಡಿಯಾಚೆಗಿನದು. ಗುರುಗ್ರಾಮದ ರ‍್ಯಾಪಿಡ್ ಮೆಟ್ರೊವನ್ನು 2013ರಲ್ಲಿ ಖಾಸಗಿ ಕಂಪನಿ ತೆರೆಯಿತು, 2019ರಲ್ಲಿ ಹರಿಯಾಣ ಸರ್ಕಾರದ ಸಂಸ್ಥೆ ವಹಿಸಿಕೊಂಡು ಓಡಿಸಲು ದೆಹಲಿ ನಿಗಮಕ್ಕೆ ಕೊಟ್ಟಿತು. ಮೀರತ್ ಕಡೆಗಿನ ‘ನಮೋ ಭಾರತ್’ ರೈಲಿನ ಮೊದಲ 17 ಕಿ.ಮೀ. 2023ರ ಅಕ್ಟೋಬರಿನಲ್ಲಿ ಮತ್ತೊಂದು ಸಂಸ್ಥೆಯ ಕೆಳಗೆ ಶುರುವಾಯಿತು. ನೋಯ್ಡಾ ಮೆಟ್ರೊದ ವ್ಯವಸ್ಥಾಪಕ ನಿರ್ದೇಶಕರ ಹುದ್ದೆ ನೋಯ್ಡಾ ಪ್ರಾಧಿಕಾರದ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಅಂಟಿಕೊಂಡೇ ಬರುತ್ತದೆ. 2019ರಲ್ಲಿ ಆ ಮೆಟ್ರೊದ ಅಕ್ವಾ ಮಾರ್ಗ ತೆರೆದ ಮೇಲೆ ಅದರ ಸೆಕ್ಟರ್ 51 ನಿಲ್ದಾಣಕ್ಕೂ ದೆಹಲಿ ಮೆಟ್ರೊದ ಸೆಕ್ಟರ್ 52 ನಿಲ್ದಾಣಕ್ಕೂ ನಡುವೆ ಕೆಲವು ನೂರು ಮೀಟರ್ ಅಂತರ ಬಿಟ್ಟುಹೋಗಿತ್ತು. ಪ್ರಯಾಣಿಕರು ಒಂದು ಕಾರ್ಡ್ ತೋರಿಸಿ ಹೊರಬಂದು, ನೆಲದ ಮೇಲೆ ನಡೆದೋ ಇ-ರಿಕ್ಷಾ ಹಿಡಿದೋ ಹೋಗಿ, ಇನ್ನೊಂದು ಕಾರ್ಡ್ ತೋರಿಸಿ ಒಳಹೋಗಬೇಕಿತ್ತು. ಎರಡೂ ನಿಲ್ದಾಣಕ್ಕೆ ಒಬ್ಬೊಬ್ಬ ಮುಖ್ಯಾಧಿಕಾರಿ ಇದ್ದರು. ನಡುವಿನ ರಸ್ತೆ ಇಬ್ಬರಿಗೂ ಸೇರಿರಲಿಲ್ಲ.